ಆಯಿಲ್ ಲೈಟ್ ಹತ್ಕೊಂಡ್ರೆ ಪ್ರೆಶರ್ ಅಳೆಯೋ ಮೊದ್ಲೇ ಸ್ವಿಚ್ ಬದಲಾಯಿಸ್ಬೇಡಿ

ಡ್ಯಾಶ್‌ಬೋರ್ಡಲ್ಲಿ ಆ ಕೆಂಪು ಆಯಿಲ್ ಲೈಟ್ ಹತ್ಕೊಂಡ್ರೆ ನಮ್ ಕಡೆ ಸಿಗೋದು ಎರಡೇ ಸಲಹೆ. ಒಂದು, "ಆಯಿಲ್ ಕಮ್ಮಿ ಆಗಿದೆ, ಅರ್ಧ ಲೀಟರ್ ಹುಯ್ಯಿ". ಇನ್ನೊಂದು, "ಸ್ವಿಚ್ ಹೋಗಿದೆ ಸಾರ್, ಹಳೇ ಗಾಡಿಗೆ ಇದೆಲ್ಲ ಮಾಮೂಲಿ". ನಮ್ಮನೇಲಿರೋದು ಅಪ್ಪನ 1997ರ ಮಾರುತಿ 800, ಕಾರ್ಬುರೇಟರ್ ಗಾಡಿ, ಎಫ್‌ಸಿ ಮಾಡಿಸ್ಕೊಂಡು ಇನ್ನೂ ಓಡಿಸ್ತಿದೀವಿ, ಅದ್ರಲ್ಲಿ ಈ ಲೈಟ್ ಮಿಣಮಿಣ ಅನ್ನೋಕೆ ಶುರುವಾದಾಗ ಎರಡೂ ಸಲಹೆ ಪುಕ್ಕಟೆ ಬಂತು. ಕೊನೇಗೆ ಎರಡೂ ಅಲ್ಲ ಅಂತಾಯ್ತು.

ಮೊದ್ಲು ಒಂದು ವಿಷ್ಯ, ಆ ಲೈಟ್ ಹೇಳೋದು ಆಯಿಲ್ ಎಷ್ಟಿದೆ ಅಂತಲ್ಲ, ಆಯಿಲ್ ಪ್ರೆಶರ್ ಇದ್ಯಾ ಇಲ್ವಾ ಅಂತ. ಇಂಜಿನ್ ಬ್ಲಾಕಿಗೆ ಒಂದು ಪುಟ್ಟ ಸ್ವಿಚ್ ತಿರುಗಿಸಿ ಹಾಕಿರ್ತಾರೆ, ಒಂದೇ ವೈರು, ಒಳಗಡೆ ಒಂದು ಡಯಾಫ್ರಮ್, ಅಂದ್ರೆ ತೆಳು ಪೊರೆ. ಪ್ರೆಶರ್ ಇಲ್ದಾಗ ಆ ಸ್ವಿಚ್ ಗಾಡಿಯ ಲೋಹದ ಬಾಡಿಗೆ ಅರ್ಥ್ ಆಗಿರತ್ತೆ (ಸರ್ಕ್ಯೂಟ್ ಪೂರ್ತಿಯಾಗಿರತ್ತೆ), ಅದಕ್ಕೇ ಕೀ ಆನ್ ಮಾಡಿದ ತಕ್ಷಣ ಲೈಟ್ ಹತ್ತತ್ತೆ, ಇಂಜಿನ್ ಸ್ಟಾರ್ಟ್ ಆಗಿ ಪಂಪ್ ತಳ್ಳಿದ್ರೆ ಡಯಾಫ್ರಮ್ ಮೇಲೆದ್ದು ಲೈಟ್ ಆರತ್ತೆ. ಈ ಸ್ವಿಚ್ ಎಚ್ಚರಗೊಳ್ಳೋದೇ 4-5 ಪಿಎಸ್‌ಐ (ಪ್ರೆಶರ್ ಅಳೆಯೋ ಯೂನಿಟ್) ಹತ್ರಕ್ಕೆ ಬಿದ್ದಾಗ. ಅಂದ್ರೆ ಓಡ್ತಿರೋ ಗಾಡೀಲಿ ಲೈಟ್ ಬಂತು ಅಂದ್ರೆ ಪ್ರೆಶರ್ "ಕಮ್ಮಿ ಆಗ್ತಾ ಇದೆ" ಅಲ್ಲ, ಆಗ್ಲೇ ಹೋಗಿದೆ ಅಂತ. ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡ್ಬೇಕು, "ಇನ್ನೆರಡು ಕಿಲೋಮೀಟರ್ ತಾನೇ" ಅನ್ನೋ ಮಾತೇ ಇಲ್ಲ.

ಆಯಿಲ್ ಲೆವೆಲ್ ನೋಡೋ ಕಡ್ಡಿ ಎತ್ತಿ ನೋಡಿದ್ರೆ ನಮ್ದು ಲೆವೆಲ್ ಸರಿಯಾಗೇ ಇತ್ತು, ಪೆಟ್ರೋಲ್ ವಾಸನೇನೂ ಇರ್ಲಿಲ್ಲ. ಈ ವಾಸನೆ ನೋಡೋದು ಕಾರ್ಬುರೇಟರ್ ಗಾಡಿ ಇರೋರು ಮರೀಬೇಡಿ, ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದ್ರೆ ಪೆಟ್ರೋಲು ಸೀದಾ ಆಯಿಲಿಗೆ ಇಳಿಯತ್ತೆ, ಆಯಿಲ್ ನೀರಾಗಿ ಪ್ರೆಶರ್ ಹೋಗತ್ತೆ, ಆದ್ರೆ ಕಡ್ಡೀಲಿ ಲೆವೆಲ್ ಮಾತ್ರ ಜಾಸ್ತಿ ಆದಂಗೆ ಕಾಣತ್ತೆ, ನೋಡಿದೋರು ಖುಷಿಯಾಗಿ ಓಡಿಸ್ಕೊಂಡು ಹೋಗ್ತಾರೆ.

ಆಮೇಲೆ ವೈರು. ಕೀ ಆನ್ ಮಾಡಿ ಸ್ವಿಚ್ಚಿನ ವೈರ್ ಕಿತ್ರೆ ಲೈಟ್ ಆರ್ಬೇಕು, ಅದೇ ವೈರನ್ನ ಬಾಡಿಗೆ ತಾಗಿಸಿದ್ರೆ ಹತ್ಬೇಕು. ಕಿತ್ರೂ ಆರ್ಲಿಲ್ಲ ಅಂದ್ರೆ ವೈರು ಎಲ್ಲೋ ಸುಲಿದು ಬಾಡಿಗೆ ತಾಗ್ತಿದೆ ಅಂತ. ನಮ್ದು ಎರಡೂ ಸರಿ ಇತ್ತು.

ಈಗ ನಿಜವಾಗ್ಲೂ ತಲೆ ಕೆಡಿಸಿದ್ದು ಲೈಟ್ ಬರ್ತಿದ್ದ ರೀತಿ. ಇಂಜಿನ್ ಸವೆದಿರೋ ಗಾಡೀಲಿ ಸಾಮಾನ್ಯವಾಗಿ ಬಿಸಿಯಾದ್ಮೇಲೆ ಸಿಗ್ನಲ್ಲಲ್ಲಿ ಐಡ್ಲಿಂಗಲ್ಲಿ ನಿಂತಾಗ ಲೈಟ್ ಮಿಣುಕತ್ತೆ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಆರತ್ತೆ, ಅದು ಬೇರಿಂಗ್ ಸವೆತ ಇಲ್ಲಾ ಪಂಪ್ ಸವೆತ ಇಲ್ಲಾ ಆಯಿಲ್ ತೆಳ್ಳಗಾಗಿರೋದು. ನಮ್ದು ಉಲ್ಟಾ! ಐಡ್ಲಿಂಗಲ್ಲಿ ಸುಮ್ನೆ ಇರ್ತಿತ್ತು, ತುಮಕೂರು ರೋಡಲ್ಲಿ ಎಪ್ಪತ್ತರ ಮೇಲೆ ಒಂದೇ ಸಮ ಓಡಿಸಿದ್ರೆ ಹತ್ಕೊಳ್ತಿತ್ತು. ಆಫ್ ಮಾಡಿ ಕಾಫಿ ಕುಡ್ದು ಬಂದ್ರೆ ಮತ್ತೆ ಸ್ವಲ್ಪ ದೂರ ಏನೂ ಆಗ್ದೇ ಇರೋರ ಥರ ಓಡೋದು. ಗ್ಯಾರೇಜಿನವ್ರು ಇದನ್ನ ಕೇಳಿಸ್ಕೊಳ್ಳೋ ಮೊದ್ಲೇ ಹೊಸ ಸ್ವಿಚ್ ಕೈಲಿ ಹಿಡ್ಕೊಂಡಿದ್ರು, ಜೊತೆಗೆ "20ಡಬ್ಲ್ಯೂ-50 ಹಾಕಿಬಿಡಿ ಸಾರ್, ಗಟ್ಟಿ ಆಯಿಲು, ಲೈಟೇ ಬರಲ್ಲ" ಅಂತ ಬೇರೆ. ಲೈಟ್ ಬರ್ದೇ ಇರೋದು ಮುಖ್ಯ ಆಗಿದ್ರೆ ಬಲ್ಬೇ ಕಿತ್ತಾಕ್ಬೋದಲ್ವಾ ಗುರೂ.

ಹಾಗಾಗಿ ಗೇಜ್ ಹಾಕ್ಲೇಬೇಕು ಅಂತ ಹಟ ಹಿಡಿದೆ. ಇನ್ನೊಬ್ಬ ಮೆಕ್ಯಾನಿಕ್ಕಿನ ಹತ್ರ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಇತ್ತು, ಸ್ವಿಚ್ ಬಿಚ್ಚಿ ಅದೇ ತೂತಿಗೆ ಪೈಪ್ ಕೂರಿಸಿ, ಇಂಜಿನ್ ಫ್ಯಾನ್ ತಿರುಗೋ ಅಷ್ಟು ಬಿಸಿ ಮಾಡಿ ನೋಡಿದ್ವಿ. ಐಡ್ಲಿಂಗಲ್ಲಿ 15 ಪಿಎಸ್‌ಐ, ತಕರಾರಿಲ್ಲ. ಪ್ರತಿ ಸಾವಿರ ಆರ್‌ಪಿಎಮ್‌ಗೆ 10 ಪಿಎಸ್‌ಐ ಇದ್ರೆ ಸಾಕು ಅಂತ ಮೆಕ್ಯಾನಿಕ್‌ಗಳ ಹಳೇ ಲೆಕ್ಕ, ಅಂದ್ರೆ ಮೂರು ಸಾವಿರಕ್ಕೆ 30 ಬರ್ಬೇಕು. ಎಬ್ಬಿಸಿದ್ರೆ ಸೂಜಿ 25ರ ತನಕ ಹೋಯ್ತು, ಅಲ್ಲೇ ಹಿಡಿದ್ವಿ, ಹಿಡಿದಂಗೆ ಸೂಜಿ ಗಡಗಡ ನಡುಗೋಕೆ ಶುರುವಾಯ್ತು, ನಡುಗ್ತಾ ನಡುಗ್ತಾ 5ರ ಕೆಳಗೆ ಬಿತ್ತು, ಇಂಜಿನ್ ಮೇಲ್ಗಡೆ ವಾಲ್ವ್ ಹತ್ರ ಟಕಟಕ ಅನ್ನೋ ಟ್ಯಾಪೆಟ್ ಸೌಂಡೂ ಶುರು. ಆ ಮೆಕ್ಯಾನಿಕ್ ತಕ್ಷಣ ಆಫ್ ಮಾಡಿ ಹೇಳಿದ್ದು ಒಂದೇ ಮಾತು: "ಪಂಪಿಗೆ ಆಯಿಲ್ ಸಿಗ್ತಿಲ್ಲ ಸಾರ್, ಗಾಳಿ ಎಳೀತಿದೆ. ಚೇಂಬರ್ ನೋಡಣ."

ಚೇಂಬರ್ ಅಂದ್ರೆ ಕೆಳಗಿನ ಆಯಿಲ್ ಸಂಪು. ಗಾಡಿ ಎತ್ತಿ ನೋಡಿದ್ರೆ ತಳದಲ್ಲಿ ಒಂದು ನೆಗ್ಗು, ಯಾವ್ದೋ ಪುಣ್ಯಾತ್ಮರ ಊರಿನ ಹಂಪ್ ಕೊಟ್ಟ ಪ್ರಸಾದ. ಬಣ್ಣ ಇಲ್ದೆ ಬೋರ್ಡ್ ಇಲ್ದೆ ರಾತ್ರೋರಾತ್ರಿ ಜಲ್ಲಿ ಹಾಕಿ ಎಬ್ಬಿಸಿರ್ತಾರಲ್ಲ, ಅಂಥದ್ದಕ್ಕೆ ನಾಲ್ಕು ಜನ ಕೂತ 800 ಮುಟ್ಟದೇ ದಾಟಲ್ಲ. ನೆಗ್ಗಿದ ತಳ ಒಳಗಡೆ ಆಯಿಲ್ ಎಳ್ಕೊಳ್ಳೋ ಸ್ಟ್ರೈನರಿನ ಬಾಯಿಗೆ ಹತ್ರ ಹತ್ರ ಅಂಟ್ಕೊಂಡಂಗೆ ಬಂದಿತ್ತು. ಅಷ್ಟೇ ಆಗಿದ್ರೂ ಹೇಗೋ ನಡೀತಿತ್ತೇನೋ, ಆದ್ರೆ ಸ್ಟ್ರೈನರ್ ಜಾಲರೀಲಿ ಶಾವಿಗೆ ಥರ ಬೂದಿ ಬಣ್ಣದ ರಬ್ಬರ್ ಎಳೆಗಳು ಸಿಕ್ಕೊಂಡಿದ್ವು, ಉಗುರಲ್ಲಿ ಎಳೆದ್ರೆ ಹಿಗ್ಗೋವು. ಗ್ಯಾಸ್ಕೆಟ್ ಪೇಸ್ಟು! ಹಿಂದೆ ಯಾವಾಗ್ಲೋ ಚೇಂಬರ್ ಲೀಕ್ ಅಂತ ಬಿಚ್ಚಿ ಹಾಕಿದೋರು ಪೇಸ್ಟ್ ಧಾರಾಳವಾಗಿ ಬಳಿದಿದಾರೆ, ಹೊರಗೆ ಬಂದಿದ್ದನ್ನ ಒರೆಸಿದಾರೆ, ಒಳಗೆ ಹೋಗಿದ್ದು ಅಲ್ಲೇ ಗಟ್ಟಿಯಾಗಿ ಕಿತ್ಕೊಂಡು ತೇಲ್ತಿದೆ. ಇಂಜಿನ್ ಜೋರಾಗಿ ಓಡಿದಾಗ ಪಂಪ್ ಎಳೆಯೋ ರಭಸಕ್ಕೆ ಜಾಲರಿಗೆ ಬಂದು ಮೆತ್ಕೊಳ್ಳತ್ತೆ, ಆಫ್ ಮಾಡಿದ್ರೆ ಉದುರತ್ತೆ. ಕಾಫಿ ಕುಡ್ದು ಬಂದ್ರೆ ಯಾಕೆ ಸರಿ ಹೋಗ್ತಿತ್ತು ಅಂತ ಆಗ ಅರ್ಥ ಆಯ್ತು.

ಸ್ಪೇರ್ ಪಾರ್ಟ್ ಸಿಗೋಕೇನೂ ಕಷ್ಟ ಆಗ್ಲಿಲ್ಲ. 800 ಬರೋದು 2014ರಲ್ಲೇ ನಿಂತ್ರೂ ಇದೇ 796 ಸಿಸಿ ಮೂರು ಸಿಲಿಂಡರ್ ಇಂಜಿನ್ ಓಮ್ನಿಗೂ ಇತ್ತಲ್ಲ, ಓಮ್ನಿ 2019ರ ತನಕ ಬಂತು, ಬೆಂಗಳೂರು ಜೆ.ಸಿ. ರೋಡಲ್ಲಿ ಕೇಳಿದ್ರೆ ಸಿಗತ್ತೆ. ಸ್ಟ್ರೈನರ್ ಹೊಸದು ಹಾಕಿದ್ವಿ, ಚೇಂಬರನ್ನ ಟಿಂಕರ್ ಹತ್ರ ಬಡಿಸಿ ಸರಿ ಮಾಡಿಸೋ ಯೋಚನೆ ಇತ್ತು, ಆದ್ರೆ ಇಂಜಿನ್ನಿಗೆ ಕೂರೋ ಅಂಚು (ಫ್ಲೇಂಜ್) ಸೊಟ್ಟ ಆದ್ರೆ ಮತ್ತೆ ಲೀಕು ಮತ್ತೆ ಪೇಸ್ಟು ಅದಕ್ಕೇ ಬೇರೇದೇ ತಗೊಂಡ್ವಿ. ಈ ಸಲ ಪೇಸ್ಟ್ ಹಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಸಣ್ಣ ಗೆರೆ ಅಷ್ಟೇ, ಮೆಕ್ಯಾನಿಕ್ಕಿಗೆ ಸ್ವಲ್ಪ ಕಿರಿಕಿರಿ ಆಯ್ತು ಆಗ್ಲಿ. ಆಯಿಲು, ಫಿಲ್ಟರ್ ಎರಡೂ ಹೊಸದು. ಗೇಜ್ ಮತ್ತೆ ಹಾಕಿ ನೋಡಿದ್ರೆ ಮೂರು ಸಾವಿರಕ್ಕೆ ಸೂಜಿ 40 ದಾಟಿ ಅಲ್ಲಾಡದೇ ನಿಲ್ತು, ಹಳೇ ಸ್ವಿಚ್ಚನ್ನೇ ವಾಪಸ್ ಹಾಕಿದ್ವಿ.

ಇನ್ನು ಒಂದು ಉಳಿದಿದೆ, ಆಯಿಲ್ ಸಿಗದೇ ಓಡಿದಾಗ ಬೇರಿಂಗಿಗೆ ಎಷ್ಟು ಪೆಟ್ಟು ಬಿದ್ದಿದೆಯೋ ಏನೋ ಅಂತ. ತೆಗೆದ ಫಿಲ್ಟರನ್ನ ಕುಯ್ದು ನೋಡಿದಾಗ ಹೊಳೆಯೋ ಚೂರು ಏನೂ ಸಿಗ್ಲಿಲ್ಲ, ಮುಂದಿನ ಆಯಿಲ್ ಚೇಂಜಲ್ಲೂ ಕುಯ್ದು ನೋಡೋದಿದೆ. ಅಲ್ಲೀ ತನಕ ಹೈವೇಲಿ ಅರವತ್ತು ದಾಟಿಸ್ಬೇಡಿ ಅಂತ ಅಪ್ಪನಿಗೆ ಹೇಳಿದೀನಿ, ಅವ್ರು ಹೂಂ ಅಂದಿದಾರೆ, ನಂಬೋದು ಕಷ್ಟ.