ಮಂಡಕ್ಕಿ ಪುಡಿ ಅಂದುಕೊಂಡಿದ್ದೆ

ನಿನ್ನೆ ಸಂಜೆ ದಾವಣಗೆರೆಯಲ್ಲಿ ಜೋರು ಮಳೆ. ಅಂಗಡಿ ಬೆಂಚಿನ ಮೇಲೆ ಕೂತು ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಸುಮ್ನೆ ಮೊಬೈಲಲ್ಲಿ ಶನಿ ಗ್ರಹದ ಫೋಟೋ ನೋಡುತ್ತಿದ್ದೆ. 2013ರ ಜುಲೈ 19ರಂದು ಕ್ಯಾಸಿನಿ ಅನ್ನೋ ಬಾಹ್ಯಾಕಾಶ ನೌಕೆ ತೆಗೆದದ್ದು. ಸೂರ್ಯ ಶನಿಯ ಹಿಂದೆ ಮರೆಯಾಗಿದ್ದಾನೆ. ಉಂಗುರಗಳು ಬೆಳಕಿಗೆ ಹಿಡಿದ ಗಾಜಿನ ಬಳೆಯ ಹಾಗೆ ಹೊಳೆಯುತ್ತಿವೆ. ಎಷ್ಟು ನೋಡಿದರೂ ಸಾಲದು.

ಕೆಳಗೆ ಒಂದು ಸಣ್ಣ ಚುಕ್ಕೆ. ಮಂಡಕ್ಕಿ ಪುಡಿ ಬಿತ್ತೇನೋ ಅಂತ ಎಣ್ಣೆ ಬೆರಳಲ್ಲೇ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಆಮೇಲೆ ಓದಿದರೆ, ಅದು ನಮ್ಮ ಭೂಮಿ! ಸುಮಾರು 144 ಕೋಟಿ ಕಿಲೋಮೀಟರ್ ದೂರದಿಂದ.

ಅಂದರೆ ಆ ಚುಕ್ಕೆಯಲ್ಲಿ ನಾನೂ ಇದ್ದೆ ಅಲ್ವಾ? ಲೆಕ್ಕ ಹಾಕಿದೆ. ಆಗ ನಮ್ಮ ಕಡೆ ನಡುರಾತ್ರಿ ಕಳೆದಿತ್ತು. ಊರಿಗೆ ಊರೇ ಗೊರಕೆ ಹೊಡೆಯುತ್ತಿತ್ತು.

ಅಷ್ಟರಲ್ಲಿ ಮಿರ್ಚಿ ಆರಿಹೋಗಿತ್ತು.