ಲಾರಿಯಲ್ಲಿ ಬಂದ ಬಾತ್‌ರೂಮು

ನಮ್ಮ ಮನೆ ಮಂಜೇಶ್ವರದ ಹತ್ತಿರ. ರಾಜ್ಯ ಕೇರಳ, ಆಸ್ಪತ್ರೆ ಮಂಗಳೂರು, ಇದು ನಮ್ಮ ಕಡೆಯ ಹಳೇ ಲೆಕ್ಕ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದಾಗ ಆ ಲೆಕ್ಕ ತಪ್ಪಿತು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು.

ಮುಂದಿನ ತಿಂಗಳೇ ಕಾಸರಗೋಡಿನ ತೆಕ್ಕಿಲ್‌ನಲ್ಲಿ ಟಾಟಾದವರ ಕೋವಿಡ್ ಆಸ್ಪತ್ರೆ ಕೆಲಸ ಶುರುವಾಯಿತು. ಕಟ್ಟಿದರು ಅನ್ನುವುದಕ್ಕಿಂತ ಜೋಡಿಸಿದರು ಅನ್ನಬೇಕು. ಬೇರೆ ಊರಿನ ಕಾರ್ಖಾನೆಯಲ್ಲಿ ತಯಾರಾದ ಉಕ್ಕಿನ ಕಂಟೇನರ್‌ಗಳು ಟ್ರೇಲರ್ ಮೇಲೆ ಬಂದವು. ಒಟ್ಟು 128, ಹಾಸಿಗೆ 551. ನಾನು ಇದೇ ಥರದ ಕೆಲಸದಲ್ಲಿರುವವನು, ಅದಕ್ಕೆ ಅಮ್ಮ ಫೋನಿನಲ್ಲಿ ಕೇಳಿದ್ದು, "ಡಬ್ಬದೊಳಗೆ ಮಲಗಿಸ್ತಾರಂತೆ, ಶೆಕೆ ಆಗುದಿಲ್ವಾ?"

ಆಗ ಎಲ್ಲರ ಮೊಬೈಲಲ್ಲೂ ವುಹಾನ್‌ನ ಆಸ್ಪತ್ರೆ ಕಟ್ಟಿದ ವಿಡಿಯೋ ಓಡಾಡುತ್ತಿತ್ತು. ಜನವರಿ 23ಕ್ಕೆ ನೆಲ ಅಗೆದು ಫೆಬ್ರವರಿ 2ಕ್ಕೆ 1000 ಹಾಸಿಗೆ ರೆಡಿ. ತೆಕ್ಕಿಲ್‌ನಲ್ಲಿ ಸರ್ಕಾರದ ಕೈಗೆ ಬೀಗದ ಕೈ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ನಿಧಾನ ಅಂತ ಬೈದವರಿದ್ದಾರೆ. ನಾನು ಬೈಯುವುದಿಲ್ಲ. ಡಬ್ಬ ಎಷ್ಟು ಬೇಗ ತಯಾರಾದರೂ ಅದನ್ನು ಇಡುವ ಜಾಗ ಸಮ ಆಗಬೇಕಲ್ವಾ, ನಮ್ಮ ಮುರಕಲ್ಲಿನ ಗುಡ್ಡಗಳನ್ನು ಒಮ್ಮೆ ನೋಡಿದವರಿಗೆ ಅದರ ಕಷ್ಟ ಗೊತ್ತು, ಮೇಲೆ ಜೂನ್‌ನಿಂದ ಬಿಡದೆ ಹೊಡೆಯುವ ಮಳೆ ಬೇರೆ. ಕಟ್ಟಡ ಕೈಗೆ ಬಂದ ಮೇಲೂ ರೋಗಿಗಳು ಬಂದಿದ್ದು ಅಕ್ಟೋಬರ್ ಕೊನೆಗೆ. ಡಾಕ್ಟರು, ನರ್ಸುಗಳ ಹುದ್ದೆ ಮಂಜೂರಾಗಬೇಕಿತ್ತು. ಅದನ್ನು ಟ್ರೇಲರಲ್ಲಿ ತರಲಾಗುವುದಿಲ್ಲ.

ನನ್ನ ಕೆಲಸ ಇಷ್ಟು ದೊಡ್ಡದಲ್ಲ. ನಾವು ಮಾಡುವುದು ಬಾತ್‌ರೂಮ್ ಪಾಡ್. ಕಮೋಡು, ಟೈಲ್ಸು, ನಲ್ಲಿ, ಲೈಟು, ಕನ್ನಡಿ ಎಲ್ಲಾ ಕಾರ್ಖಾನೆಯಲ್ಲೇ ಕೂರಿಸಿ, ಬಾಗಿಲಿಗೆ ಬೀಗ ಹಾಕಿ ಲಾರಿಗೆ ಏರಿಸುತ್ತೇವೆ. ಸೈಟಲ್ಲಿ ಕ್ರೇನು ಎತ್ತಿ ಮಹಡಿಗೆ ಇಡುತ್ತದೆ, ಪ್ಲಂಬರ್ ಪೈಪು ಸೇರಿಸುತ್ತಾನೆ. ಅಮೆರಿಕದ ಡೇಟನ್‌ನಲ್ಲಿರುವ ಮಯಾಮಿ ವ್ಯಾಲಿ ಆಸ್ಪತ್ರೆಯ ಹೊಸ ಕಟ್ಟಡಕ್ಕೆ 2010ರ ಹೊತ್ತಿಗೇ ಇದನ್ನು ಮಾಡಿದ್ದರು, ರೋಗಿಗಳ ಕೋಣೆಯ ಬಾತ್‌ರೂಮಷ್ಟೇ ಅಲ್ಲ, ಕಾರಿಡಾರ್ ಸೀಲಿಂಗ್ ಮೇಲೆ ಹೋಗುವ ಪೈಪು, ಕೇಬಲ್, ಡಕ್ಟುಗಳನ್ನೂ ಗೋದಾಮಿನಲ್ಲೇ ಒಟ್ಟು ಜೋಡಿಸಿ ತಂದಿದ್ದರು.

ಖಾಲಿ ಜಾಗದಲ್ಲಿ ಹೊಸ ಆಸ್ಪತ್ರೆ ಕಟ್ಟುವವರಿಗೆ ಇದು ಬೇಕೋ ಬೇಡವೋ, ಅದು ಬೇರೆ ಮಾತು. ನಡೆಯುತ್ತಿರುವ ಆಸ್ಪತ್ರೆಗೆ ಇನ್ನೊಂದು ಬ್ಲಾಕ್ ಸೇರಿಸುವಾಗ ಮಾತ್ರ ಇದರ ಬೆಲೆ ಗೊತ್ತಾಗುವುದು. ಗೋಡೆಯ ಆ ಕಡೆ ಕೀಮೋ ಮಾಡಿಸಿಕೊಂಡವರು ಮಲಗಿರುತ್ತಾರೆ. ಒಡೆಯುವ, ಕೊರೆಯುವ ಧೂಳಿನಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಕಣಗಳು ಹಾರಾಡುತ್ತವೆ. ನಮಗೆ ಏನೂ ಆಗಲ್ಲ, ಅವರಿಗೆ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಬರುತ್ತದೆ. ಧೂಳಿನ, ಸದ್ದಿನ ಕೆಲಸ ಜಾಸ್ತಿ ಕಾರ್ಖಾನೆಯಲ್ಲಿ ಮುಗಿದಷ್ಟೂ ಒಳ್ಳೆಯದು.

ಇದನ್ನೇ ಎಲ್ಲಾ ಕಡೆ ಹೇಳಿಕೊಂಡು ಆರ್ಡರ್ ತರುವವನು ನಾನು. ಒಂದು ಆಸ್ಪತ್ರೆಯಲ್ಲಿ ಇದೇ ಮಾತು ನನಗೆ ತಿರುಗಿ ಬಡಿಯಿತು. ಮೊದಲ ಪಾಡ್ ಮೇಲೇರಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ತೆಂಗಿನಕಾಯಿಯನ್ನೂ ಒಡೆದರು. ಪ್ಲಂಬರ್ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ ಸುಮ್ನೆ ಕೂತ. ಕಮೋಡಿನ ಪೈಪು ಒಂದು ಕಡೆ, ಸ್ಲ್ಯಾಬಿನ ತೂತು ಇನ್ನೊಂದು ಕಡೆ. ನಡುವೆ ಒಂದು ಗೇಣು.

ಆಗಿದ್ದೇನು ಅಂದರೆ, ಡ್ರಾಯಿಂಗ್ ಓಕೆ ಆಗಿ ಮೂರು ವಾರದ ನಂತರ ಅಲ್ಲಿನ ಡಾಕ್ಟರೊಬ್ಬರು ವೀಲ್‌ಚೇರ್ ತಿರುಗಲು ಜಾಗ ಸಾಲದು, ಕಮೋಡು ಸ್ವಲ್ಪ ಸರಿಸಿ ಅಂದಿದ್ದರು. ಸರಿಯಾದ ಮಾತೇ. ಕಾರ್ಖಾನೆಯಲ್ಲಿ ಸರಿಸಿದೆವು. ಸೈಟಿಗೆ ಹೊಸ ಡ್ರಾಯಿಂಗ್ ಕಳಿಸಬೇಕಾದವನು ನಾನು, ಕಳಿಸಲಿಲ್ಲ. ಮಾಮೂಲಿ ಕಟ್ಟಡವಾದರೆ ಮೇಸ್ತ್ರಿ ಅಲ್ಲೇ ಸರಿ ಮಾಡಿಬಿಡುತ್ತಿದ್ದ. ಇಲ್ಲಿ ಹದಿನಾಲ್ಕು ಪಾಡ್‌ಗಳು ಅದೇ ಅಳತೆಯಲ್ಲಿ ಸಿದ್ಧವಾಗಿ ಲಾರಿಗೆ ಕಾಯುತ್ತಿದ್ದವು.

ಸ್ಲ್ಯಾಬಿನಲ್ಲಿ ಹೊಸ ತೂತು ಕೊರೆಯಲು ಮೂರು ರಾತ್ರಿ ಬೇಕಾಯಿತು. ಪ್ಲಾಸ್ಟಿಕ್ ಹಾಳೆ ಕಟ್ಟಿ, ನೀರು ಬಿಡುತ್ತಾ ಕೊರೆದೆವು, ಧೂಳು ತಡೆದೆವು. ಸದ್ದು ತಡೆಯಲು ಆಗಲಿಲ್ಲ. ಎರಡನೇ ರಾತ್ರಿ ಪಕ್ಕದ ವಾರ್ಡಿನ ಸಿಸ್ಟರ್ ಬಂದು, "ಸದ್ದೇ ಇರಲ್ಲ ಅಂದಿದ್ರಲ್ಲಾ ಸಾರ್" ಅಂದು ನಿಂತರು. ನಾನು ಮಾಸ್ಕ್ ಸರಿ ಮಾಡಿಕೊಂಡೆ, ಅಷ್ಟೇ.

ಈಗ ಡ್ರಾಯಿಂಗಿಗೆ ಸಹಿ ಹಾಕಿಸುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾತ್‌ರೂಮ್ ಬರೆಯುತ್ತೇನೆ. ಡಾಕ್ಟರನ್ನು ಮಾತ್ರ ಕರೆಯುವುದಿಲ್ಲ, ಆಯಾ ಅವರನ್ನೂ ವೀಲ್‌ಚೇರ್ ಸಮೇತ ಕರೆಯುತ್ತೇನೆ. ಹೋದ ವಾರ ಒಬ್ಬರು ವೀಲ್‌ಚೇರ್ ಗೆರೆಯೊಳಗೆ ತಳ್ಳಿ, ಒಂದು ಸುತ್ತು ತಿರುಗಿಸಿ ನನ್ನ ಮುಖ ನೋಡಿದರು. "ಪೇಶೆಂಟು ಕೂರ್ತಾರೆ ಸರಿ, ಎಬ್ಬಿಸೋಕೆ ನಾನೆಲ್ಲಿ ನಿಲ್ಲಲಿ?" ಚಪ್ಪಲಿಯಿಂದ ಗೆರೆ ಅಳಿಸಿ ಇನ್ನೊಂದು ಗೇಣು ಆಚೆ ಬರೆದೆ.