ಕೊಂಡುಕುರಿ ಕಾಣಲಿಲ್ಲ, ಹಿಕ್ಕೆ ಕಂಡಿತು

15 ಸೆಪ್ಟೆಂಬರ್ 2024, ಭಾನುವಾರ
ದಾವಣಗೆರೆ

ಕೊಂಡುಕುರಿ ಅನ್ನೋ ಕಾಡಿನ ಸಣ್ಣ ಹುಲ್ಲೆ ಹುಡುಕಿಕೊಂಡು ಬೆಳಿಗ್ಗೆ ಐದೂವರೆಗೇ ಸ್ಪ್ಲೆಂಡರ್ ಹೊರಗೆ ತೆಗೆದೆ. ಬೆಣ್ಣೆ ದೋಸೆ ಹೋಟೆಲ್‌ನವರು ಇನ್ನೂ ಬಾಗಿಲು ತೆಗೆದಿರಲಿಲ್ಲ, ಅದೊಂದೇ ಬೇಜಾರು. ಜಗಳೂರಿನ ತನಕ ಹೇಳುವಂಥದ್ದೇನಿಲ್ಲ. ಎರಡೂ ಕಡೆ ಮೆಕ್ಕೆಜೋಳ, ನಡುವೆ ಲಾರಿ.

ರಂಗಯ್ಯನದುರ್ಗದ ಕಡೆ ತಿರುಗಿದ ಮೇಲೆ ರಸ್ತೆ ಸಣ್ಣದಾಯಿತು. ಎದುರಿಗೆ ಒಂದು ಗಾಡಿಯೂ ಇಲ್ಲ. ಮಲೆನಾಡು ನೋಡಿದವರು ಇದನ್ನು ಕಾಡು ಅಂತ ಒಪ್ಪೋದೇ ಕಷ್ಟ. ಕುರುಚಲು ಗಿಡ, ಮುಳ್ಳುಕಂಟಿ, ಬಂಡೆ, ಹುಲ್ಲು. ಜಗಳೂರು ಅಂದರೆ ಬರ ಅಂತಲೇ ಮಾತು, ಅಲ್ವಾ? ಆದರೆ ಮಳೆ ಬಿದ್ದ ಮೇಲೆ ಬಂದು ನೋಡಬೇಕು. ರಸ್ತೆ ಅಂಚಿಗೆಲ್ಲ ತಂಗಡಿ ಹಳದಿಯಾಗಿ ಬಿರಿದಿತ್ತು. ಈ ಒಣ ಕಾಡೇ ಕೊಂಡುಕುರಿಗೆ ಬೇಕಾದದ್ದು. 2011ರಲ್ಲಿ ಅದರ ಹೆಸರಲ್ಲೇ ಇಲ್ಲಿ ವನ್ಯಧಾಮ ಮಾಡಿದರು. ಗಂಡಿಗೆ ನಾಲ್ಕು ಕೊಂಬು. ಕಿವಿಗಳ ನಡುವೆ ಎರಡು, ಇನ್ನೆರಡು ಅದಕ್ಕೂ ಮುಂದೆ ಹಣೆ ಮೇಲೆ, ಮೊಳಕೆಯಷ್ಟೇ. ಜಿಂಕೆ ಹಾಗೆ ಹಿಂಡು ಕಟ್ಟೋದಿಲ್ಲ. ಒಂಟಿಯಾಗೋ ಜೋಡಿಯಾಗೋ ಇರುತ್ತದೆ, ಬಲು ಪುಕ್ಕಲು.

ಅದನ್ನು ನೋಡೋಕೆ ಅಂತ ಮೂವತ್ತರ ಸ್ಪೀಡಿನಲ್ಲಿ ಹೋಗುತ್ತಿದ್ದೆ. ಒಂದು ಏರಿನಲ್ಲಿ ಕಟಕ್ ಅಂತು. ಎಕ್ಸಲರೇಟರ್ ತಿರುವಿದರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಹೋಗಲ್ಲ. ಚೈನ್ ಕಳಚಿತ್ತು. ಸಡಿಲವಾಗಿದೆ ಅಂತ ಹದಿನೈದು ದಿನದಿಂದ ಗೊತ್ತಿತ್ತು, ಸೋಮಾರಿತನ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಲ್ಲಿಗೆ ಚೈನ್ ಸಿಕ್ಕಿಸಿ, ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿದೆ. ಮೂರನೇ ಸಲಕ್ಕೆ ಕೂತಿತು. ಕೈ ತುಂಬ ಗ್ರೀಸು.

ಹೊಲಕ್ಕೆ ಹೊರಟಿದ್ದ ಒಬ್ಬ ಅಜ್ಜ ಬಂದು ನಿಂತ. "ಏನಾತಪ್ಪಾ?"

"ಚೈನ್ ಬಿಟ್ಟಿತ್ತು ಅಜ್ಜ, ಆಯ್ತು. ಇಲ್ಲಿ ಕೊಂಡುಕುರಿ ಕಾಣ್ತಾವಾ?"

ಅಜ್ಜ ನಕ್ಕ. "ನಿನ್ ಗಾಡಿ ಸಪ್ಪಳಕ್ಕೆ ನಿಂತಾವಾ? ಅಗೋ, ಅಲ್ನೋಡು."

ರಸ್ತೆಯಿಂದ ನಾಲ್ಕು ಹೆಜ್ಜೆ ಆಚೆ, ಕಂಟಿ ಪಕ್ಕ, ಬೊಗಸೆಯಷ್ಟು ಹಿಕ್ಕೆ. ಕೆಳಗಿನವು ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಮೇಲಿನವು ಕಪ್ಪಗೆ, ಇನ್ನೂ ಹೊಳೆಯುತ್ತಿದ್ದವು. ಕೊಂಡುಕುರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುತ್ತದಂತೆ. ಓದಿ ತಿಳಿದಿದ್ದೆ, ಕಂಡದ್ದು ಇವತ್ತೇ. ಸುಮ್ನೆ ಕಾಲು ಗಂಟೆ ಕೂತೆ. ಏನೂ ಬರಲಿಲ್ಲ.

ಮನೆಗೆ ಬಂದು ಅವ್ವನಿಗೆ ಫೋಟೋ ತೋರಿಸಿದೆ. "ಇದನ್ನ ನೋಡಾಕ ಅಷ್ಟು ದೂರ ಹೋಗಿದ್ಯಾ? ಪಕ್ಕದ ಮನೆ ಆಡು ಬಾಗಿಲಿಗೇ ಹಾಕ್ತತಿ" ಅಂದಳು. ಚೈನ್ ಇನ್ನೂ ಸಡಿಲವಾಗೇ ಇದೆ.